ಕೊಂಬು

ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಕೊಂಬು ಉದುರಿಹೋಗಿದೆ.
ಮುನಿಲಕ್ಷ್ಮಿ ಹೋಗಿ ಮನಿಲಕ್ಷ್ಮಿ.
ಕಲಬುರಗಿಯ ರೇವಮ್ಮ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು
ನಕ್ಕದ್ದೇ ನಕ್ಕದ್ದು:
"ರೊಕ್ಕದ ಲಕ್ಷ್ಮಿ ಆಗಿ ನೋಡವ್ವ,
ಆರು ಸಾವಿರದ ಫೀಸಿಗೆ ಇದು ಬೋನಸ್!"

ಮೂರನೇ ಸಲ ಬಂದಿದ್ದೇನೆ ಈ ಕಿಟಕಿಗೆ.
ಒಳಗೆ ಒಂದು ಫ್ಯಾನು, ಒಂದು ಕುರ್ಚಿ,
ಕುರ್ಚಿಯ ಬೆನ್ನಿಗೆ ಟವೆಲ್ಲು.
ಟವೆಲ್ಲು ಇದ್ದಾರೆ ಅನ್ನುತ್ತದೆ. ಅವರಿಲ್ಲ.
ಬಂದಾಗ: ಚಲನ್ ಕಟ್ಟಿ, ಜೆರಾಕ್ಸ್ ತನ್ನಿ,
ವಿಭಾಗದ ಸೀಲು ಹಾಕಿಸಿ, ಸೋಮವಾರ ಬನ್ನಿ.
ಒಂದು ಸೋಮವಾರ ಸರ್ವರ್ ಸತ್ತಿತ್ತು,
ಇನ್ನೊಂದು ಸೋಮವಾರ ರಜೆ.
"ಒಂದು ಕೊಂಬಿಗೆ ಇಷ್ಟೊಂದು ಓಡಾಟವಾ ಸಾರ್?"
ಅಂದದ್ದಕ್ಕೆ ತಲೆಯೆತ್ತದೆ ಕೇಳಿದರು:
"ಏನಮ್ಮ, ನಿಂಗೇನು ಕೊಂಬು ಬಂದಿದೆಯಾ?"

ಬಂದಿಲ್ಲ ಸಾರ್.
ಅರ್ಜಿಯಲ್ಲಿ ಬರೆದಿರುವುದೂ ಅದನ್ನೇ.

ನಾವು ಬಾಡಿಗೆಗಿರುವ ಲಗ್ಗೆರೆಯ ಮನೆಯ ಮಾಲೀಕರ ಮಗಳು
ಗಾಜಿನ ಗೋಡೆಯ ಕಾಲೇಜಿಗೆ ಹೋಗುತ್ತಾಳೆ,
ಎಸಿ ಬಸ್ಸು ಅವಳನ್ನು ಹುಡುಕಿಕೊಂಡು ಬರುತ್ತದೆ.
"ನಿಮ್ಮಲ್ಲಿ ಪಾಠ ಮಾಡ್ತಾರಾ ಆ್ಯಕ್ಚುಲಿ?" ಅಂದಳು ಒಮ್ಮೆ,
ಕೆಟ್ಟ ಮನಸ್ಸಿನಿಂದಲ್ಲ.

ಏನು ಹೇಳಲಿ?
ಒಬ್ಬರ ನೋಟ್ಸು ನನಗಿಂತ ವಯಸ್ಸಿನಲ್ಲಿ ದೊಡ್ಡದು;
"ಇತ್ತೀಚೆಗೆ" ಎಂದು ಅವರು ಓದಿದ ಸಂಶೋಧನೆಯ ಕಾಲಕ್ಕೆ
ಅಮ್ಮನಿಗಿನ್ನೂ ಮದುವೆಯಾಗಿರಲಿಲ್ಲ.
ಇನ್ನೊಬ್ಬರು ಗುರುಮಲ್ಲಪ್ಪ ಮೇಷ್ಟ್ರು, ಅತಿಥಿ ಉಪನ್ಯಾಸಕರು.
ಅತಿಥಿಗೆ ಐದು ತಿಂಗಳಿಂದ ಸಂಬಳವಿಲ್ಲ.
ಒಂಬತ್ತು ಸೂಕ್ಷ್ಮದರ್ಶಕದಲ್ಲಿ ಎರಡಕ್ಕೆ ಕಣ್ಣಿತ್ತು, ಅದೂ ಮಂಜು.
"ಹೊರಗೆ ಬನ್ರಪ್ಪ" ಅಂದರು.
ಗೇಟಿನ ವಾಚ್‌ಮನ್ ಬೆಳೆದಿದ್ದ ಮುಸುಕಿನ ಜೋಳದ ದಂಟೊಂದನ್ನು
ಅವನು ಊಟಕ್ಕೆ ಹೋದಾಗ ಮುರಿದು ತಂದು
ಶೇವಿಂಗ್ ಬ್ಲೇಡಿನಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ದರು.
"ಬಿಸಿಲಿಗೆ ಹಿಡೀರಿ."
ಹಿಡಿದೆ. ಬಿಲ್ಲೆಯ ತುಂಬ ಚೆಲ್ಲಿದ ಚುಕ್ಕಿಗಳು,
ಒಂದೊಂದೂ ಒಂದು ಕೊಳವೆ,
ಪಂಪಿಲ್ಲದೆ, ಕರೆಂಟಿಲ್ಲದೆ, ಯಾರ ಸಹಿಯೂ ಇಲ್ಲದೆ
ನೀರು ಮೇಲೇರುವ ದಾರಿ.
ರೇವಮ್ಮ ಮೆಲ್ಲಗೆ ಅಂದಳು:
"ಹುಟ್ಟಿದಾಗಿಂದ ದಂಟು ಕೊಯ್ದೀನಿ,
ಒಳಗ ನೋಡಿದ್ದಿಲ್ಲ."

ಅಮ್ಮ ಬಂದದ್ದು ಒಂದೇ ಸಲ, ಸೇರಿಸಲು.
ಪೀಣ್ಯದ ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ,
ಬೆರಳಿಗಿನ್ನೂ ಕಾಲರಿನ ದಾರ ಅಂಟಿಸಿಕೊಂಡೇ.
ರಸೀದಿ ನೋಡಿದಳು, ಮೇಲೆ ನೋಡಿದಳು:
"ಇಷ್ಟು ಮರಾನೂ ಸೇರಿಸಿಯೇ ಆರು ಸಾವಿರಾನಾ?"

ಶಾಹೀನಾಗೆ ಮರ ಸಾಕಾಗಲಿಲ್ಲ.
ಚಿಂತಾಮಣಿಯಿಂದ ದಿನಾ ಬರುತ್ತಿದ್ದಳು, ಹಾಸ್ಟೆಲ್ ಪಟ್ಟಿಯಲ್ಲಿ
ಅವಳ ಹೆಸರು ಬರುವ ಮೊದಲೇ ಎರಡನೇ ಸೆಮಿಸ್ಟರು ಬಂತು.
ಫೀಸು ಅಗ್ಗ, ಈ ಊರು ಅಗ್ಗವಲ್ಲ.
ಅವಳ ರೆಕಾರ್ಡ್ ಪುಸ್ತಕ ನನ್ನ ಟ್ರಂಕಿನಲ್ಲಿದೆ,
ಅರ್ಧ ಬಿಡಿಸಿದ ಜರೀಗಿಡದ ಚಿತ್ರದವರೆಗೆ.
ಲೈಬ್ರರಿಯಿಂದ ಹಾಸ್ಟೆಲಿಗೆ ದೀಪವಿಲ್ಲದ ದಾರಿಯಲ್ಲಿ
ನಾಲ್ವರಾಗಿ ನಡೆಯುತ್ತಿದ್ದೆವು, ಆಮೇಲೆ ಮೂವರು.
ನಾಯಿಗಳಿಗೆ ಲೆಕ್ಕ ಗೊತ್ತಾಗುತ್ತದೆ.

ಈಗ ಕಿಟಕಿಯ ಹತ್ತಿರ ನಿಂತು ನೋಡುತ್ತೇನೆ:
ಟವೆಲ್ಲಿನ ಪಕ್ಕ ಒಂದು ಹಳೇ ಬಾಟಲಿ,
ಅದರಲ್ಲಿ ಮನಿಪ್ಲಾಂಟು, ಹಳದಿಗೆ ತಿರುಗಿದೆ.
"ಸಾರ್, ನೀರು ಕೊಳೆತಿದೆ. ಗೆಣ್ಣಿನ ಕೆಳಗೆ ಕತ್ತರಿಸಿ,
ಬೇರೆ ನೀರಿಗೆ ಹಾಕಿ. ಬದುಕುತ್ತೆ."
ಮೊದಲ ಸಲ ತಲೆಯೆತ್ತಿದರು.
"ಯಾವ ಡಿಪಾರ್ಟ್‌ಮೆಂಟು?"
"ಸಸ್ಯಶಾಸ್ತ್ರ."
ಡ್ರಾಯರಿನಿಂದ ಕತ್ತರಿ ತೆಗೆದರು,
ಎಲ್ಲಿ ಎಂದು ನನ್ನಿಂದಲೇ ತೋರಿಸಿಕೊಂಡು ಕತ್ತರಿಸಿದರು.
ನನ್ನ ಅರ್ಜಿಯನ್ನು ಕೆಳಗಿನ ಕಟ್ಟಿನಿಂದ ಮೇಲಿನ ಕಟ್ಟಿಗೆ ಇಟ್ಟರು.

"ಸೋಮವಾರ ಬಾರಮ್ಮ."

ಹೋಗುತ್ತೇನೆ.
ಅಷ್ಟರಲ್ಲಿ ಬೇರು ಒಂದಿಂಚಾದರೂ ಬಿಟ್ಟಿರಬೇಕು.